ಮುಗಿದ ಭಯ ಮುಗಿಯದಿದ್ದಾಗ



ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ನಿಮಗೆಲ್ಲ ಗೊತ್ತಿದೆ. ಊರಿನಲ್ಲಿ ಇಲಿಗಳ ಕಾಟ ಹೆಚ್ಚಾಯಿತೆಂದು ಕೃಷ್ಣದೇವರಾಯ ಮನೆಗೊಂದು ಬೆಕ್ಕು, ಅದರ ಹಾಲಿಗೆಂದು ಒಂದು ಹಸು ಕೊಡಿಸಿದ. ರಾಮಕೃಷ್ಣ ಮೊದಲ ದಿನವೇ ತನ್ನ ಬೆಕ್ಕಿನ ಮುಂದೆ ಕುದಿಯುವ ಹಾಲನ್ನು ಇಟ್ಟ. ಆಸೆಯಿಂದ ಬಾಯಿ ಹಾಕಿದ ಬೆಕ್ಕಿನ ನಾಲಿಗೆ ಸುಟ್ಟಿತು. ಅಂದಿನಿಂದ ಹಾಲಿನ ಬಟ್ಟಲು ಕಂಡರೆ ಸಾಕು, ಅದು ಓಡಿಹೋಗುತ್ತಿತ್ತು. ಹಸುವಿನ ಹಾಲೆಲ್ಲ ಮನೆಯವರ ಪಾಲಾಯಿತು. ಈ ಕಥೆ ಕೇಳಿ ನಾವು ರಾಮಕೃಷ್ಣನ ಜಾಣತನಕ್ಕೆ ನಗುತ್ತೇವೆ.

ಒಮ್ಮೆ ಬೆಕ್ಕಿನ ಕಡೆಯಿಂದ ನೋಡಿ. ಎರಡನೆಯ ದಿನದ ಹಾಲು ತಣ್ಣಗಿತ್ತು. ಮೂರನೆಯ ದಿನದ್ದೂ ತಣ್ಣಗಿತ್ತು. ಆದರೆ ಬೆಕ್ಕಿಗೆ ಅದು ಗೊತ್ತಾಗಲೇ ಇಲ್ಲ. ಏಕೆ? ಅದು ಹಾಲಿನ ಹತ್ತಿರ ಬರಲೇ ಇಲ್ಲವಲ್ಲ! ಅಪಾಯ ಎಂದೋ ಮುಗಿದಿತ್ತು. ಬೆಕ್ಕಿನ ದೇಹಕ್ಕೆ ಮಾತ್ರ ಅದು ಮುಗಿದಿರಲಿಲ್ಲ. ಇಂದಿನ ನಮ್ಮ ಮಾತುಕತೆಯ ವಿಷಯ ಇದೇ. ಮನುಷ್ಯರಿಗೂ ಹೀಗಾಗುತ್ತದೆ. ವೈದ್ಯರು ಅದನ್ನು ಆಘಾತೋತ್ತರ ಒತ್ತಡದ ಬೇನೆ ಎನ್ನುತ್ತಾರೆ. ಪೋಸ್ಟ್ ಟ್ರಾಮಾಟಿಕ್ ಸ್ಟ್ರೆಸ್ ಡಿಸಾರ್ಡರ್, ಚಿಕ್ಕದಾಗಿ ಪಿಟಿಎಸ್‌ಡಿ, ಎಂಬ ಹೆಸರನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು.

ಬೆಕ್ಕಿನದು ಕಟ್ಟುಕಥೆ. ಅದಕ್ಕೆ ಹತ್ತಿರದ ಒಂದು ನಿಜಸಂಗತಿ ವಿಜ್ಞಾನದ ಇತಿಹಾಸದಲ್ಲಿದೆ. ಆಹಾರದ ಸೂಚನೆ ಕೇಳಿಸಿದೊಡನೆ ನಾಯಿ ಜೊಲ್ಲು ಸುರಿಸುವ ಪ್ರಯೋಗವನ್ನು ನೀವು ಪಠ್ಯಪುಸ್ತಕದಲ್ಲಿ ಓದಿದ್ದೀರಿ. ಅದನ್ನು ಮಾಡಿದವರು ರಷ್ಯದ ಇವಾನ್ ಪಾವ್ಲೋವ್. 1924ರ ಸೆಪ್ಟೆಂಬರಿನಲ್ಲಿ ಲೆನಿನ್‌ಗ್ರಾಡ್ ನಗರಕ್ಕೆ ಭಾರಿ ನೆರೆ ಬಂತು. ಪಾವ್ಲೋವರ ಪ್ರಯೋಗಶಾಲೆಯ ನಾಯಿಗಳು ಇದ್ದ ಗೂಡುಗಳಿಗೆ ನೀರು ನುಗ್ಗಿತು. ಗೂಡಿನ ಬಾಗಿಲು ನೀರಿನಲ್ಲಿ ಮುಳುಗಿದ್ದರಿಂದ ನಾಯಿಗಳ ತಲೆಯನ್ನು ನೀರಿಗೆ ಅದ್ದಿಯೇ ಹೊರಗೆ ಎಳೆಯಬೇಕಾಯಿತು. ನಾಯಿಗಳು ಬದುಕಿದವು. ಆದರೆ ಅವುಗಳಲ್ಲಿ ಕೆಲವು, ಕಲಿತ ಪಾಠವನ್ನೆಲ್ಲ ಕಳೆದುಕೊಂಡಿದ್ದವು. ದಿನಗಳು ಕಳೆದ ಮೇಲೆ ನಿಧಾನವಾಗಿ ಅವು ಮೊದಲಿನಂತಾದವು. ಆಗ ಪಾವ್ಲೋವರು ಒಂದು ಪರೀಕ್ಷೆ ಮಾಡಿದರು. ನಾಯಿ ನಿಂತಿದ್ದ ಕೋಣೆಯ ಬಾಗಿಲ ಸಂದಿಯಿಂದ ಒಂದಿಷ್ಟು ನೀರು ಹರಿದು ಬರುವಂತೆ ಮಾಡಿದರು. ಅಷ್ಟೇ. ನಾಯಿ ಗಾಬರಿಗೊಂಡಿತು, ಆಹಾರ ಮುಟ್ಟಲಿಲ್ಲ, ಕಲಿತದ್ದು ಮತ್ತೆ ಮರೆತುಹೋಯಿತು. ನೆಲದ ಮೇಲಿನ ಆ ತೆಳುವಾದ ನೀರಿನಲ್ಲಿ ಇಲಿಯೂ ಮುಳುಗುತ್ತಿರಲಿಲ್ಲ. ನಾಯಿಗೆ ಮಾತ್ರ ಅದು ಮತ್ತೆ ಅದೇ ನೆರೆ.

ನಾಯಿಗೆ ಪುಕ್ಕಲುತನವೆಂದು ನಾವು ಹೇಳುತ್ತೇವೆಯೇ? ಇಲ್ಲ. ಮನುಷ್ಯರ ವಿಷಯದಲ್ಲಿ ಮಾತ್ರ ಆ ಮಾತನ್ನು ಬಹಳ ಸುಲಭವಾಗಿ ಆಡಿಬಿಡುತ್ತೇವೆ.

ಹಾಗಾದರೆ ದೇಹದೊಳಗೆ ಏನು ನಡೆಯುತ್ತದೆ? ಮೆದುಳಿನಲ್ಲಿ ಕಿವಿಗಳ ಮಟ್ಟದಲ್ಲಿ, ಒಳಭಾಗದಲ್ಲಿ, ಎರಡೂ ಕಡೆ ಬಾದಾಮಿ ಆಕಾರದ ಒಂದೊಂದು ಪುಟ್ಟ ಭಾಗವಿದೆ. ಅದರ ಹೆಸರು ಅಮಿಗ್ಡಲ. ಅದನ್ನು ಮನೆಯ ಕಾವಲು ನಾಯಿ ಎಂದುಕೊಳ್ಳಿ. ಅಪಾಯದ ಸುಳಿವು ಸಿಕ್ಕೊಡನೆ ಅದು ಬೊಗಳುತ್ತದೆ. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ರಕ್ತಕ್ಕೆ ಅಡ್ರಿನಲಿನ್ ಸುರಿಯುತ್ತವೆ. ಎದೆ ಢವಢವ ಹೊಡೆದುಕೊಳ್ಳುತ್ತದೆ. ಕಣ್ಣಿನ ಪಾಪೆ ಹಿಗ್ಗುತ್ತದೆ. ಕೈಕಾಲಿನ ಸ್ನಾಯುಗಳಿಗೆ ರಕ್ತ ನುಗ್ಗುತ್ತದೆ. ಬಾಯಿ ಒಣಗುತ್ತದೆ, ಜೀರ್ಣಕ್ರಿಯೆ ನಿಧಾನವಾಗುತ್ತದೆ. ದೇಹ ಹೋರಾಡಲು ಇಲ್ಲವೇ ಓಡಲು ಸಜ್ಜಾಗುತ್ತದೆ. ಕೆಲವೊಮ್ಮೆ ಎರಡೂ ಸಾಧ್ಯವಾಗದೆ ಮರಗಟ್ಟಿ ನಿಂತುಬಿಡುತ್ತದೆ. ಇದನ್ನು ನೆನಪಿಡಿ. 'ನಾನೇಕೆ ಕೂಗಿಕೊಳ್ಳಲಿಲ್ಲ, ನಾನೇಕೆ ಓಡಲಿಲ್ಲ' ಎಂದು ವರ್ಷಗಟ್ಟಲೆ ತಮ್ಮನ್ನೇ ಹಳಿದುಕೊಳ್ಳುವವರಿದ್ದಾರೆ. ಮರಗಟ್ಟುವುದು ಅವರು ಯೋಚಿಸಿ ಮಾಡಿದ ಆಯ್ಕೆಯಾಗಿರಲಿಲ್ಲ. ಅದು ದೇಹದ ತೀರ್ಮಾನ.

ಈ ವ್ಯವಸ್ಥೆ ನಮ್ಮ ಶತ್ರುವಲ್ಲ. ಹಾವು ಕಂಡಾಗ ಯೋಚಿಸುವ ಮೊದಲೇ ನಾವು ಹಿಂದಕ್ಕೆ ನೆಗೆಯುವುದು ಇದರಿಂದಲೇ. ಅಪಾಯ ಕಳೆದ ಮೇಲೆ ಎದೆಬಡಿತ ಇಳಿಯಬೇಕು, ಕಾವಲು ನಾಯಿ ಸುಮ್ಮನಾಗಬೇಕು. ಸಾಮಾನ್ಯವಾಗಿ ಹಾಗೇ ಆಗುತ್ತದೆ. ಆದರೆ ಅನುಭವ ತೀರ ಘೋರವಾಗಿದ್ದರೆ ನೆನಪು ದಾಖಲಾಗುವ ಕ್ರಮದಲ್ಲೇ ತೊಡಕಾಗುತ್ತದೆ. ಅಮಿಗ್ಡಲದ ನೆರೆಯಲ್ಲೇ ಹಿಪ್ಪೊಕ್ಯಾಂಪಸ್ ಎಂಬ ಭಾಗವಿದೆ. ಒಂದು ಘಟನೆ ಎಲ್ಲಿ ನಡೆಯಿತು, ಯಾವಾಗ ನಡೆಯಿತು, ಯಾವುದರ ನಂತರ ಯಾವುದು ಎಂಬುದನ್ನು ಜೋಡಿಸಿಡುವುದರಲ್ಲಿ ಅದರ ಪಾಲು ದೊಡ್ಡದು. ವಿಪರೀತ ಭಯದ ಹೊತ್ತಿನಲ್ಲಿ ಈ ಜೋಡಣೆ ಸರಿಯಾಗಿ ಆಗುವುದಿಲ್ಲ. ವಾಸನೆ, ಸದ್ದು, ಬಣ್ಣ, ನೋವು ಇವೆಲ್ಲ ಬಿಡಿಬಿಡಿಯಾಗಿ, ಬಹಳ ಗಟ್ಟಿಯಾಗಿ ಉಳಿದುಬಿಡುತ್ತವೆ.

ನನ್ನ ವೃತ್ತಿಯಿಂದ ಒಂದು ಹೋಲಿಕೆ ಕೊಡುತ್ತೇನೆ. ದೂರದರ್ಶನದಲ್ಲಿ ನೀವು ನೋಡುವ ಕಾರ್ಯಕ್ರಮಗಳು ಎರಡು ಬಗೆ. ಒಂದು, ಮೊದಲೇ ಚಿತ್ರೀಕರಿಸಿಟ್ಟದ್ದು. ಇನ್ನೊಂದು, ನೇರ ಪ್ರಸಾರ. ಹಳೆಯ ಕ್ರಿಕೆಟ್ ಪಂದ್ಯವನ್ನು ಮರುಪ್ರಸಾರ ಮಾಡುವಾಗ ಪರದೆಯ ಮೂಲೆಯಲ್ಲಿ ಅದರ ವರ್ಷ ಹಾಕುತ್ತೇವೆ. ನೀವು ಅದನ್ನು ಆಸಕ್ತಿಯಿಂದ ನೋಡುತ್ತೀರಿ, ಆದರೆ ಉಗುರು ಕಚ್ಚುವುದಿಲ್ಲ. ಅದು ಮುಗಿದ ಪಂದ್ಯ. ನಮ್ಮ ಸಾಮಾನ್ಯ ನೆನಪುಗಳು ಹೀಗೆ ವರ್ಷ ಬರೆದಿಟ್ಟ ದೃಶ್ಯಗಳು. ಆಘಾತದ ನೆನಪಿನಲ್ಲಿ ಮಾತ್ರ ಆ ವರ್ಷವೇ ಇಲ್ಲ. ಅದರ ಬದಲು 'ನೇರ ಪ್ರಸಾರ' ಎಂಬ ಪಟ್ಟಿ ಹಾಗೇ ಉಳಿದುಕೊಂಡಿದೆ. ಆದ್ದರಿಂದ ಅದು ಬಂದಾಗಲೆಲ್ಲ ದೇಹ ಈಗಲೇ, ಇಲ್ಲಿಯೇ ನಡೆಯುತ್ತಿದೆ ಎಂದು ನಂಬುತ್ತದೆ.

ಈ ಬೇನೆಗೆ ಹೆಸರು ಬಂದದ್ದು ಹೇಗೆ ಎಂಬುದೂ ತಿಳಿಯಬೇಕಾದ ಸಂಗತಿ. ಮೊದಲ ಮಹಾಯುದ್ಧದಲ್ಲಿ ಕಂದಕಗಳಲ್ಲಿ ಕುಳಿತು ಶೆಲ್ ದಾಳಿ ಎದುರಿಸಿದ ಸೈನಿಕರಲ್ಲಿ ಹಲವರು ನಡುಗತೊಡಗಿದರು. ಕೆಲವರ ಮಾತು ನಿಂತಿತು, ಕೆಲವರ ನಿದ್ದೆ ಹೋಯಿತು. 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ಬ್ರಿಟಿಷ್ ವೈದ್ಯರು ಇದನ್ನು 'ಶೆಲ್ ಶಾಕ್' ಎಂಬ ಹೆಸರಿನಿಂದ ವೈದ್ಯಕೀಯ ಪತ್ರಿಕೆಯಲ್ಲಿ ವರ್ಣಿಸಿದರು. ಆದರೆ ಸೈನ್ಯದ ದೃಷ್ಟಿಯಲ್ಲಿ ಇಂಥ ಹಲವರು ಹೇಡಿಗಳಾಗಿಯೇ ಉಳಿದರು. ಆ ಯುದ್ಧದಲ್ಲಿ ರಣರಂಗ ಬಿಟ್ಟು ಓಡಿದ್ದು, ಹೇಡಿತನ ತೋರಿದ್ದು ಮೊದಲಾದ ಆರೋಪಗಳ ಮೇಲೆ ಬ್ರಿಟಿಷ್ ಸೈನ್ಯವು ತನ್ನದೇ 306 ಸೈನಿಕರನ್ನು ಗುಂಡಿಟ್ಟು ಕೊಂದಿತು. ಅವರಲ್ಲಿ ಕೆಲವರಾದರೂ ಈ ಬೇನೆಯಿಂದ ನರಳುತ್ತಿದ್ದವರು ಎಂದು ಇಂದು ನಂಬಲಾಗಿದೆ. ಬ್ರಿಟನ್ ಅವರಿಗೆ ಕ್ಷಮಾದಾನ ನೀಡಿದ್ದು 2006ರಲ್ಲಿ, ಸುಮಾರು ತೊಂಬತ್ತು ವರ್ಷಗಳ ನಂತರ. ವಿಯೆಟ್ನಾಂ ಯುದ್ಧದಿಂದ ಮರಳಿದ ಅಮೆರಿಕದ ಸೈನಿಕರ ಸ್ಥಿತಿ ಕಂಡ ಮೇಲೆ, 1980ರಲ್ಲಿ, ಅಮೆರಿಕದ ಮನೋವೈದ್ಯರ ಸಂಘವು ಈ ಬೇನೆಯನ್ನು ಈಗಿನ ಹೆಸರಿನಲ್ಲಿ ತನ್ನ ಕೈಪಿಡಿಗೆ ಸೇರಿಸಿತು. ಒಂದು ಹೆಸರು ಇಲ್ಲದಿದ್ದರೆ ರೋಗಿಯು ಅಪರಾಧಿಯಾಗಿ ಕಾಣುತ್ತಾನೆ ಎಂಬುದಕ್ಕೆ ಇದಕ್ಕಿಂತ ಕಠೋರ ಉದಾಹರಣೆ ಬೇಕಿಲ್ಲ.

ಇದು ಸೈನಿಕರಿಗೆ ಮಾತ್ರ ಬರುವ ಬೇನೆಯೇ? ಖಂಡಿತ ಅಲ್ಲ. ನಮ್ಮ ಬೆಂಗಳೂರಿನಲ್ಲೇ 1981ರ ಫೆಬ್ರವರಿ 7ರಂದು ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಮಕ್ಕಳು. ತಮ್ಮವರನ್ನು ಕಳೆದುಕೊಂಡ ಕುಟುಂಬಗಳನ್ನು ನಿಮ್ಹಾನ್ಸ್ ಸಂಸ್ಥೆಯವರು ಕಂಡು ಮಾತನಾಡಿಸಿ ಅಧ್ಯಯನ ಮಾಡಿದರು. ದುರಂತದ ನಂತರ ಜನರ ಮನಸ್ಸು ಏನಾಗುತ್ತದೆ ಎಂದು ಭಾರತದಲ್ಲಿ ನಡೆದ ಮೊದಮೊದಲ ಅಧ್ಯಯನಗಳಲ್ಲಿ ಅದೂ ಒಂದು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಕಂಪವಾಯಿತು. ನಮ್ಮ ಬೀದರ್, ಕಲಬುರಗಿ ಕಡೆಯೂ ನೆಲ ನಡುಗಿತು. ಕಲ್ಲು ಮಣ್ಣಿನ ಗೋಡೆಗಳ ಕೆಳಗೆ ಸಿಕ್ಕಿ ಸುಮಾರು ಹತ್ತು ಸಾವಿರ ಜನ ನಿದ್ದೆಯಲ್ಲೇ ಸತ್ತರು. ಯೋಚಿಸಿ ನೋಡಿ. ಅಂಥ ರಾತ್ರಿಯನ್ನು ಕಂಡವರಿಗೆ ಕಾಪಾಡಬೇಕಾದ ಸೂರೇ ಭಯದ ವಸ್ತುವಾದರೆ ಆಶ್ಚರ್ಯವಿದೆಯೇ?

ದೊಡ್ಡ ದುರಂತವೇ ಆಗಬೇಕೆಂದಿಲ್ಲ. ರಸ್ತೆ ಅಪಘಾತ, ನೀರಿನಲ್ಲಿ ಮುಳುಗಿ ಬದುಕಿದ್ದು, ಕಣ್ಣೆದುರು ನಡೆದ ಸಾವು, ಮನೆಯೊಳಗಿನ ಹೊಡೆತ, ಲೈಂಗಿಕ ದೌರ್ಜನ್ಯ ಇವು ಯಾವುವೂ ಪತ್ರಿಕೆಯ ಮುಖಪುಟಕ್ಕೆ ಬರದಿರಬಹುದು. ಆದರೆ ಅನುಭವಿಸಿದವರ ದೇಹಕ್ಕೆ ಪತ್ರಿಕೆಯ ಲೆಕ್ಕ ತಿಳಿಯದು.

ಹಾಗೆಂದು ಕಷ್ಟ ಕಂಡವರಿಗೆಲ್ಲ ಈ ಬೇನೆ ಬರುತ್ತದೆ ಎಂದು ತಿಳಿಯಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಜಗತ್ತಿನ ಜನರಲ್ಲಿ ಸುಮಾರು ಶೇಕಡ 70ರಷ್ಟು ಮಂದಿ ಬದುಕಿನಲ್ಲಿ ಒಮ್ಮೆಯಾದರೂ ಇಂಥ ಆಘಾತಕಾರಿ ಘಟನೆಯನ್ನು ಎದುರಿಸುತ್ತಾರೆ. ಅವರಲ್ಲಿ ಈ ಬೇನೆಗೆ ತುತ್ತಾಗುವವರು ಶೇಕಡ 5.6ರಷ್ಟು ಮಾತ್ರ. ಯುದ್ಧ, ಹಿಂಸೆಗಳನ್ನು ಕಂಡವರಲ್ಲಿ ಈ ಪ್ರಮಾಣ ಶೇಕಡ 15ನ್ನು ಮೀರುತ್ತದೆ. ಲೈಂಗಿಕ ದೌರ್ಜನ್ಯದ ನಂತರವೂ ಪ್ರಮಾಣ ಬಹಳ ಹೆಚ್ಚು. ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂಬುದು ಹಲವು ಸಂಗತಿಗಳನ್ನು ಅವಲಂಬಿಸಿದೆ. ಘಟನೆ ಎಷ್ಟು ತೀವ್ರ, ಅದು ಒಮ್ಮೆ ನಡೆಯಿತೋ ಮತ್ತೆ ಮತ್ತೆ ನಡೆಯಿತೋ, ಹಿಂದೆಯೂ ಇಂಥದ್ದು ಆಗಿತ್ತೋ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. ಇವು ಯಾವುವೂ ನಮ್ಮ ಕೈಯಲ್ಲಿಲ್ಲ. ಆದರೆ ಒಂದು ಸಂಗತಿ ನಮ್ಮ ಕೈಯಲ್ಲಿದೆ. ಘಟನೆಯ ನಂತರ ಆ ವ್ಯಕ್ತಿಗೆ ಸುತ್ತಲಿನವರಿಂದ ಆಸರೆ ಸಿಕ್ಕಿತೇ ಇಲ್ಲವೇ ಎಂಬುದೇ ಅದು. ಅದರ ಪಾತ್ರ ಬಹಳ ದೊಡ್ಡದೆಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಹೀಗಾಗಿ ಈ ವಿಷಯ ವೈದ್ಯರಿಗೆ ಎಷ್ಟು ಸೇರಿದ್ದೋ ಅಷ್ಟೇ ನಿಮಗೂ ಸೇರಿದ್ದು.

ಈಗ ಲಕ್ಷಣಗಳನ್ನು ನೋಡೋಣ. ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ದ್ವಿತೀಯ ಪಿಯುಸಿಯಲ್ಲಿ ಓದುತ್ತಿದ್ದಾಳೆ. ಘಾಟಿ ರಸ್ತೆಯಲ್ಲಿ ಅವಳಿದ್ದ ಬಸ್ಸು ಮಗುಚಿತು. ಅವಳಿಗೆ ಕೈ ಮುರಿಯಿತು. ಕಿಟಕಿಯ ಪಕ್ಕದ ಸೀಟಿನಲ್ಲಿದ್ದ ಗೆಳತಿ ಉಳಿಯಲಿಲ್ಲ. ಆರು ವಾರಗಳಲ್ಲಿ ಕೈಯ ಪಟ್ಟು ಬಿಚ್ಚಿದರು. ಮೂಳೆ ಕೂಡಿತ್ತು. ಎಲ್ಲರೂ 'ದೇವರು ದೊಡ್ಡವನು, ಹುಷಾರಾದಳು' ಎಂದರು.

ಅವಳು ಹುಷಾರಾಗಿರಲಿಲ್ಲ. ಡೀಸೆಲ್ ವಾಸನೆ ಬಂದೊಡನೆ ಅವಳ ಅಂಗೈ ಬೆವರುತ್ತಿತ್ತು. ರಾತ್ರಿ ಅದೇ ಕನಸು, ಅದೇ ಗಾಜು ಒಡೆಯುವ ಸದ್ದು. ತರಗತಿಯಲ್ಲಿ ಕುಳಿತಿದ್ದಾಗಲೂ ಕ್ಷಣಕಾಲ ತಾನು ಬಸ್ಸಿನಲ್ಲೇ ಇದ್ದೇನೆ ಎನಿಸುತ್ತಿತ್ತು. ಘಟನೆ ಹೀಗೆ ಕರೆಯದೆ ಮರಳಿ ಬರುವುದು ಮೊದಲ ಗುಂಪಿನ ಲಕ್ಷಣ.

ಅವಳು ಬಸ್ಸು ಹತ್ತುವುದನ್ನು ಬಿಟ್ಟಳು. ಬಸ್ ನಿಲ್ದಾಣದ ಎದುರು ಹೋಗದೆ ಸುತ್ತು ಬಳಸಿ ನಡೆದಳು. ಗೆಳತಿಯ ಮನೆಯಿದ್ದ ಬೀದಿಗೂ ಹೋಗಲಿಲ್ಲ. ಯಾರಾದರೂ ಆ ಮಾತೆತ್ತಿದರೆ ಎದ್ದು ಹೋಗುತ್ತಿದ್ದಳು. ಹೀಗೆ ತಪ್ಪಿಸಿಕೊಳ್ಳುವುದು ಎರಡನೆಯ ಗುಂಪು.

'ಕಿಟಕಿ ಸೀಟು ಬೇಕೆಂದು ಅವಳು ಕೇಳಿದಾಗ ನಾನೇಕೆ ಬಿಟ್ಟುಕೊಟ್ಟೆ?' ಎಂದು ತನ್ನನ್ನೇ ದೂಷಿಸಿಕೊಂಡಳು. ಹಾಡು, ಹಬ್ಬ, ಊಟ ಯಾವುದೂ ರುಚಿಸದಾಯಿತು. ತನಗೆ ಮುಂದೆ ಭವಿಷ್ಯವೇ ಇಲ್ಲ ಎನಿಸತೊಡಗಿತು. ಯೋಚನೆಯಲ್ಲಿ, ಭಾವನೆಯಲ್ಲಿ ಆಗುವ ಈ ಬದಲಾವಣೆ ಮೂರನೆಯದು.

ಬಾಗಿಲು ದಢಾರನೆ ಬಡಿದರೆ ಬೆಚ್ಚಿ ಬೀಳುತ್ತಿದ್ದಳು. ಚಿಕ್ಕ ಮಾತಿಗೂ ತಮ್ಮನ ಮೇಲೆ ರೇಗುತ್ತಿದ್ದಳು. ಓದಿದ ಸಾಲನ್ನೇ ನಾಲ್ಕು ಸಲ ಓದಿದರೂ ತಲೆಗೆ ಹೋಗುತ್ತಿರಲಿಲ್ಲ. ಕಾವಲು ನಾಯಿ ಸದಾ ಎಚ್ಚರವಾಗಿರುವ ಈ ಸ್ಥಿತಿ ನಾಲ್ಕನೆಯದು.

ಕಿರುಪರೀಕ್ಷೆಯಲ್ಲಿ ಅಂಕ ಇಳಿದವು. ಕೆಲವು ಅಧ್ಯಾಪಕರು ಸೋಮಾರಿಯಾದಳು ಎಂದರು. ನೆರೆಯವರು ಗಾಳಿ ಸೋಕಿದೆ, ತಾಯತ ಕಟ್ಟಿಸಿ ಎಂದರು. ತಾಯಿ ತಲೆ ನೇವರಿಸಿ, 'ಆದದ್ದು ಆಗಿಹೋಯ್ತು ಪುಟ್ಟಿ, ಮರೆತುಬಿಡು' ಎಂದರು. ಒಬ್ಬರದು ಗದರಿಕೆ, ಒಬ್ಬರದು ನಂಬಿಕೆ, ಒಬ್ಬರದು ಪ್ರೀತಿ. ಆದರೆ ನಡೆದದ್ದೇನೆಂದು ಯಾರಿಗೂ ತಿಳಿಯಲಿಲ್ಲ.

ಇಲ್ಲೊಂದು ಮಾತು ಸ್ಪಷ್ಟವಾಗಲಿ. ದುರಂತದ ನಂತರದ ಮೊದಲ ದಿನಗಳಲ್ಲಿ ನಿದ್ದೆ ಬಾರದಿರುವುದು, ಬೆಚ್ಚಿ ಬೀಳುವುದು, ಅಳು ಬರುವುದು ರೋಗವಲ್ಲ. ಗಾಯದ ಸುತ್ತ ಊದಿಕೊಂಡಂತೆ ಅದು ಸಹಜ. ಬಹುಪಾಲು ಜನರಲ್ಲಿ ಅದು ತಾನೇ ಇಳಿಯುತ್ತದೆ. ಒಂದು ತಿಂಗಳು ಕಳೆದರೂ ಈ ಲಕ್ಷಣಗಳು ಉಳಿದು, ಓದು, ಕೆಲಸ, ಸ್ನೇಹ ಎಲ್ಲವನ್ನೂ ಕೆಡಿಸುತ್ತಿದ್ದರೆ ಆಗ ವೈದ್ಯರು ಇದನ್ನು ಬೇನೆ ಎಂದು ಪರಿಗಣಿಸುತ್ತಾರೆ. ಕೆಲವರಲ್ಲಿ ಇದು ಹಲವು ತಿಂಗಳ ನಂತರ ಕಾಣಿಸಿಕೊಳ್ಳುವುದೂ ಉಂಟು. ಚಿಕ್ಕ ಮಕ್ಕಳು ಬಾಯಿ ಬಿಟ್ಟು ಹೇಳಲಾರರು. ಅವರು ಅದೇ ಘಟನೆಯನ್ನು ಆಟದಲ್ಲಿ ಮತ್ತೆ ಮತ್ತೆ ಆಡುತ್ತಾರೆ, ಇಲ್ಲವೇ ಹಾಸಿಗೆ ಒದ್ದೆ ಮಾಡಿಕೊಳ್ಳತೊಡಗುತ್ತಾರೆ.

ಈಗ ಮುಖ್ಯವಾದ ಪ್ರಶ್ನೆಗೆ ಬರೋಣ. ಬಸ್ಸು ಹತ್ತದಿದ್ದರೆ ಆ ಹುಡುಗಿಗೆ ಭಯವಾಗುವುದಿಲ್ಲ. ಹಾಗಿದ್ದಮೇಲೆ ಹತ್ತದೇ ಇರಲಿ ಬಿಡಿ, ತಪ್ಪೇನು? ತೊಂದರೆ ಇರುವುದೇ ಇಲ್ಲಿ. ಸುತ್ತು ದಾರಿ ಹಿಡಿದಾಗಲೆಲ್ಲ ಅವಳಿಗೆ ನೆಮ್ಮದಿ ಸಿಗುತ್ತದೆ. ಆ ನೆಮ್ಮದಿಯೇ ದೇಹಕ್ಕೆ ಒಂದು ಪಾಠ ಕಲಿಸುತ್ತದೆ: 'ನೋಡು, ತಪ್ಪಿಸಿಕೊಂಡದ್ದರಿಂದ ಉಳಿದೆ.' ಭಯ ಇನ್ನಷ್ಟು ಬೇರು ಬಿಡುತ್ತದೆ. ಮೊದಲು ಘಾಟಿಯ ಬಸ್ಸು, ಆಮೇಲೆ ಎಲ್ಲ ಬಸ್ಸು, ಆಮೇಲೆ ರಸ್ತೆ, ಕೊನೆಗೆ ಮನೆಯ ಹೊಸ್ತಿಲು. ಬದುಕು ಕಿರಿದಾಗುತ್ತ ಹೋಗುತ್ತದೆ. ಬೆಕ್ಕು ಹಾಲಿನಿಂದ ಓಡಿದಷ್ಟು ದಿನವೂ ಹಾಲು ಅದರ ಪಾಲಿಗೆ ಬಿಸಿಯಾಗಿಯೇ ಇರುತ್ತದೆ.

ಪಾವ್ಲೋವರೇ ತೋರಿಸಿದ ಇನ್ನೊಂದು ಸಂಗತಿಯಲ್ಲಿ ಇದರ ಪರಿಹಾರದ ಸುಳಿವಿದೆ. ಸೂಚನೆ ಕೊಟ್ಟು ಆಹಾರ ಕೊಡದೆ ಹೋದರೆ, ಹಲವು ಸಲ ಹೀಗಾದ ಮೇಲೆ ನಾಯಿ ಜೊಲ್ಲು ಸುರಿಸುವುದನ್ನು ನಿಲ್ಲಿಸುತ್ತದೆ. ಹಳೆಯ ಪಾಠ ಅಳಿಸಿಹೋಗಿರುವುದಿಲ್ಲ. ಅದರ ಮೇಲೆ ಹೊಸ ಪಾಠವೊಂದು ಕೂಡಿರುತ್ತದೆ. ಮನುಷ್ಯರ ಚಿಕಿತ್ಸೆಯೂ ಇದೇ ತತ್ತ್ವದ ಮೇಲೆ ನಿಂತಿದೆ. ತರಬೇತಿ ಪಡೆದ ಮನಶ್ಶಾಸ್ತ್ರಜ್ಞರು, ಸುರಕ್ಷಿತವಾದ ಕೋಣೆಯಲ್ಲಿ, ರೋಗಿಯ ಒಪ್ಪಿಗೆಯಿಂದ, ಮೆಟ್ಟಿಲು ಮೆಟ್ಟಿಲಾಗಿ ಆ ನೆನಪಿನ ಬಳಿಗೆ ಕರೆದೊಯ್ಯುತ್ತಾರೆ. ಘಟನೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿಸುತ್ತಾರೆ. ಬಿಡಿಬಿಡಿಯಾಗಿ ಬಿದ್ದಿದ್ದ ಚೂರುಗಳು ಒಂದು ಕಥೆಯಾಗಿ ಜೋಡಣೆಯಾಗುತ್ತವೆ. ಕಥೆಗೊಂದು ಕೊನೆ ಬರುತ್ತದೆ. 'ಸೀಟು ಬಿಟ್ಟುಕೊಟ್ಟದ್ದು ನನ್ನ ತಪ್ಪು' ಎಂಬಂಥ ಯೋಚನೆಗಳನ್ನು ಒರೆಗೆ ಹಚ್ಚಿ ನೋಡುತ್ತಾರೆ. ನಂತರ ನಿಂತ ಬಸ್ಸಿನ ಬಳಿ ಹೋಗುವುದು, ಹತ್ತಿ ಕೂರುವುದು, ಒಂದು ನಿಲ್ದಾಣದವರೆಗೆ ಹೋಗುವುದು, ಹೀಗೆ ಅಭ್ಯಾಸ ಮಾಡಿಸುತ್ತಾರೆ. ಹಲವರಿಗೆ ಎಂಟರಿಂದ ಹದಿನಾರು ಭೇಟಿಗಳಲ್ಲಿ ಒಳ್ಳೆಯ ಫಲ ಸಿಗುತ್ತದೆ. ಕಣ್ಣುಗಳನ್ನು ಆಚೀಚೆ ಚಲಿಸುತ್ತ ನೆನಪನ್ನು ನೋಡಿಸುವ ಇಎಂಡಿಆರ್ ಎಂಬ ವಿಧಾನವೂ ಇದೆ. ಬೇಕೆನಿಸಿದಾಗ ಮನೋವೈದ್ಯರು ಔಷಧಿ ಕೊಡುತ್ತಾರೆ. ಅಂಗಡಿಯಿಂದ ನೀವೇ ತಂದು ನುಂಗುವ ನಿದ್ದೆ ಮಾತ್ರೆ ಇದಕ್ಕೆ ಮದ್ದಲ್ಲ.

ಗುಣವಾಗುವುದು ಎಂದರೆ ಮರೆಯುವುದು ಎಂದು ತಿಳಿಯಬೇಡಿ. ಗೆಳತಿಯನ್ನು ಆ ಹುಡುಗಿ ಏಕೆ ಮರೆಯಬೇಕು? ನೆನಪು ಉಳಿಯುತ್ತದೆ, ದುಃಖವೂ ಉಳಿಯುತ್ತದೆ. ಪರದೆಯ ಮೂಲೆಯ 'ನೇರ ಪ್ರಸಾರ' ಪಟ್ಟಿ ಹೋಗಿ ಅಲ್ಲೊಂದು ವರ್ಷ ಬರುತ್ತದೆ, ಅಷ್ಟೇ. ಆ ಅಷ್ಟರಿಂದಲೇ ಬದುಕು ಮತ್ತೆ ನಡೆಯತೊಡಗುತ್ತದೆ.

ನಿಮ್ಮ ತರಗತಿಯಲ್ಲಿ ಇಂಥ ಸ್ನೇಹಿತನೋ ಸ್ನೇಹಿತೆಯೋ ಇದ್ದರೆ ನೀವೇನು ಮಾಡಬಹುದು? ದುರಂತದ ಹೊತ್ತಿನ ನೆರವಿಗಾಗಿ ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಒಂದು ಕೈಪಿಡಿ ತಂದಿತು. ಅದರ ಸಾರ ಮೂರು ಮಾತು: ನೋಡು, ಕೇಳು, ಜೋಡಿಸು. ಯಾರಿಗೆ ಏನು ಬೇಕಾಗಿದೆ ಎಂದು ನೋಡುವುದು. ಅವರು ಹೇಳಿದಷ್ಟನ್ನು ಕೇಳುವುದು. ಮನೆಯವರು, ವೈದ್ಯರು, ನೆರವು ನೀಡುವವರ ಜೊತೆ ಅವರನ್ನು ಜೋಡಿಸುವುದು.

'ಕೇಳು' ಎಂಬುದಕ್ಕೆ 'ಕೆದಕಿ ಕೇಳು' ಎಂಬ ಅರ್ಥವಿಲ್ಲ. ಹಿಂದೆ ಹಲವು ದೇಶಗಳಲ್ಲಿ ದುರಂತ ನಡೆದ ಕೆಲವೇ ದಿನಗಳಲ್ಲಿ ಎಲ್ಲರನ್ನೂ ಕೂರಿಸಿ ನಡೆದದ್ದನ್ನೆಲ್ಲ ಒಂದೇ ಸಲಕ್ಕೆ ಹೇಳಿಸುವ ಪದ್ಧತಿ ಇತ್ತು. ಅದರಿಂದ ಬೇನೆ ತಡೆಯಲಾಗುವುದಿಲ್ಲವೆಂದು ನಂತರದ ಪರಿಶೀಲನೆಗಳು ತೋರಿಸಿದವು. ಚಿಕಿತ್ಸಕರ ಮುಂದೆ ಸಮಯ ತೆಗೆದುಕೊಂಡು ಹೇಳುವುದೇ ಬೇರೆ, ಕುತೂಹಲಿಗಳ ಮುಂದೆ ಹೇಳಬೇಕಾಗುವುದೇ ಬೇರೆ. 'ಹೇಗಾಯ್ತು, ರಕ್ತ ಬಂತಾ, ಅವಳು ಏನಂದಳು' ಎಂದು ಪ್ರಶ್ನೆಗಳ ಸುರಿಮಳೆ ಮಾಡಬೇಡಿ. 'ಏನೇ, ಇನ್ನೂ ಅದನ್ನೇ ಯೋಚಿಸ್ತಿದ್ದೀಯಾ?' ಎನ್ನಬೇಡಿ. ಹಿಂದಿನಿಂದ ಬಂದು ಬೆಚ್ಚಿಸಿ ತಮಾಷೆ ಮಾಡಬೇಡಿ. 'ನನ್ನ ಜೊತೆ ನಡೆದುಕೊಂಡು ಬಾ, ಮಾತಾಡಬೇಕು ಅನ್ನಿಸಿದರೆ ಮಾತಾಡು, ಇಲ್ಲದಿದ್ದರೆ ಬೇಡ' ಎಂದು ಹೇಳಿ. ತಪ್ಪಿಹೋದ ತರಗತಿಯ ನೋಟ್ಸ್ ಬರೆದುಕೊಡಿ. ಮನಸ್ಸು ಬಿಚ್ಚಿ ಹೇಳಿದ್ದನ್ನು ಊರೆಲ್ಲ ಹಂಚಬೇಡಿ. ಆದರೆ ಅಪಾಯದ ಸುಳಿವಿದ್ದರೆ, ಬದುಕುವುದೇ ಬೇಡವೆಂಬ ಮಾತು ಬಂದರೆ, ಗುಟ್ಟು ಕಾಯುತ್ತ ಕೂರಬೇಡಿ. ಒಬ್ಬಂಟಿಯಾಗಿ ಬಿಡದೆ ಕೂಡಲೇ ನಂಬಿಕೆಯ ಹಿರಿಯರೊಬ್ಬರಿಗೆ ತಿಳಿಸಿ. ಅದು ಚಾಡಿಯಾಗುವುದಿಲ್ಲ.

ದೂರದರ್ಶನದಲ್ಲಿ ಕೆಲಸ ಮಾಡುವ ನಾನೇ ಇನ್ನೊಂದು ಮಾತು ಹೇಳಬೇಕು. ದುರಂತದ ದೃಶ್ಯಗಳನ್ನು ಗಂಟೆಗಟ್ಟಲೆ ನೋಡಬೇಡಿ, ಮನೆಯ ಪುಟ್ಟ ಮಕ್ಕಳಿಗೆ ಖಂಡಿತ ತೋರಿಸಬೇಡಿ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಮೆರಿಕದಲ್ಲಿ ನಡೆದ ಸಮೀಕ್ಷೆಯಲ್ಲಿ, ಟೀವಿಯ ಮುಂದೆ ಹೆಚ್ಚು ಹೊತ್ತು ಕುಳಿತ ಮಕ್ಕಳಲ್ಲಿ ಒತ್ತಡದ ಲಕ್ಷಣಗಳೂ ಹೆಚ್ಚು ಕಂಡುಬಂದವು. ಈಗಂತೂ ಮೊಬೈಲಿನಲ್ಲಿ ಅದೇ ದೃಶ್ಯ ಹತ್ತು ಕಡೆಯಿಂದ ಬರುತ್ತದೆ. ಸುದ್ದಿ ತಿಳಿದ ಮೇಲೆ ಆರಿಸಿಬಿಡಿ. ಬಂದ ದೃಶ್ಯವನ್ನು ಮುಂದಕ್ಕೆ ಕಳಿಸುವ ಮೊದಲು, ಅದರಲ್ಲಿರುವವರ ಮನೆಯಲ್ಲಿ ನಿಮ್ಮ ವಯಸ್ಸಿನವರೊಬ್ಬರು ಇದ್ದಾರು ಎಂದು ಒಂದು ಕ್ಷಣ ಯೋಚಿಸಿ.

ನಾನು ಹೇಳಿದ ಲಕ್ಷಣಗಳು ನಿಮ್ಮಲ್ಲೇ ಇದ್ದರೆ? ಮೊದಲನೆಯದಾಗಿ, ನಿಮಗೆ ಹುಚ್ಚು ಹಿಡಿದಿಲ್ಲ. ನೀವು ದುರ್ಬಲರೂ ಅಲ್ಲ. ನಿಮ್ಮನ್ನು ಕಾಪಾಡಲು ಎದ್ದ ಕಾವಲು ನಾಯಿ ಇನ್ನೂ ಮಲಗಿಲ್ಲ, ಅಷ್ಟೇ. ನೆನಪು ನುಗ್ಗಿ ಬಂದಾಗ ಎರಡೂ ಪಾದಗಳನ್ನು ನೆಲಕ್ಕೆ ಒತ್ತಿ. ಕಣ್ಣಿಗೆ ಕಾಣುವ ಐದು ವಸ್ತುಗಳ ಹೆಸರು ಹೇಳಿಕೊಳ್ಳಿ. ಕಿವಿಗೆ ಬೀಳುವ ಸದ್ದುಗಳನ್ನು ಎಣಿಸಿ. ಇಂದಿನ ತಾರೀಕು, ವಾರ, ನೀವಿರುವ ಜಾಗ ಹೇಳಿಕೊಳ್ಳಿ. ಉಸಿರನ್ನು ನಿಧಾನವಾಗಿ, ಒಳಗೆ ಎಳೆದದ್ದಕ್ಕಿಂತ ಹೆಚ್ಚು ಹೊತ್ತು ಹೊರಗೆ ಬಿಡಿ. ಹೀಗೆ ಮಾಡಿದಾಗ ನೀವು ಇಂದಿನ ದಿನವನ್ನು ದೇಹಕ್ಕೆ ಪರಿಚಯ ಮಾಡಿಕೊಡುತ್ತೀರಿ. ಊಟ, ನಿದ್ದೆ, ಆಟ ಇವನ್ನು ಹೊತ್ತಿಗೆ ಸರಿಯಾಗಿ ಇಟ್ಟುಕೊಳ್ಳಿ. ಕುಡಿತ, ಗುಟ್ಕಾ, ಇತರ ಅಮಲಿನ ವಸ್ತುಗಳು ನೋವನ್ನು ಒಂದು ರಾತ್ರಿ ಮರೆಸಿ ವರ್ಷಗಟ್ಟಲೆ ಉಳಿಸುತ್ತವೆ. ಇವೆಲ್ಲ ಪ್ರಥಮ ಚಿಕಿತ್ಸೆ ಮಾತ್ರ. ತಿಂಗಳಾದರೂ ತೊಂದರೆ ಇಳಿಯದಿದ್ದರೆ ತಜ್ಞರ ನೆರವು ಬೇಕೇ ಬೇಕು. ನಮ್ಮಂಥ ದೇಶಗಳಲ್ಲಿ ಈ ಬೇನೆ ಇರುವ ನಾಲ್ವರಲ್ಲಿ ಒಬ್ಬರು ಮಾತ್ರ ಚಿಕಿತ್ಸೆ ಕೇಳುತ್ತಾರೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಳಿದ ಮೂವರಲ್ಲಿ ನೀವು ಒಬ್ಬರಾಗಬೇಡಿ.

ಯಾರಾದರೂ ನಿಮ್ಮ ಮೈಮೇಲೆ ಕೈ ಮಾಡಿದ್ದರೆ, ಅದು ಪರಿಚಯದವರೇ ಆಗಿರಲಿ, ಮನೆಯವರೇ ಆಗಿರಲಿ, ತಪ್ಪು ನಿಮ್ಮದಲ್ಲ. ಹದಿನೆಂಟು ತುಂಬದವರ ರಕ್ಷಣೆಗೆ 2012ರಲ್ಲಿ ಬಂದ ಪೋಕ್ಸೋ ಕಾಯಿದೆ ಇದೆ. ಆ ನೋವು ಇನ್ನೂ ನಡೆಯುತ್ತಿದ್ದರೆ ಮೊದಲು ಅದು ನಿಲ್ಲಬೇಕು. ಬಿಸಿ ಹಾಲು ಇನ್ನೂ ಬಿಸಿಯಾಗಿಯೇ ಇರುವಾಗ ಭಯ ಬಿಡು ಎಂದು ಯಾರೂ ನಿಮಗೆ ಹೇಳಬಾರದು. ಮಕ್ಕಳ ಸಹಾಯವಾಣಿಯ ಸಂಖ್ಯೆ 1098.

ತಜ್ಞರು ಬೆಂಗಳೂರಿನಲ್ಲಿ ಮಾತ್ರ ಸಿಗುತ್ತಾರೆ ಎಂದು ಕೈಚೆಲ್ಲಬೇಡಿ. ಮಾನಸಿಕ ಆರೋಗ್ಯದ ಸೇವೆಯನ್ನು ಹಳ್ಳಿ, ತಾಲ್ಲೂಕುಗಳಿಗೆ ಒಯ್ಯಬಹುದೆಂದು ದೇಶಕ್ಕೆ ತೋರಿಸಿದ್ದು ನಮ್ಮ ಬಳ್ಳಾರಿ ಜಿಲ್ಲೆ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿ ನಡೆಸಿದ ಪ್ರಯತ್ನವೇ ಮುಂದೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಅಲ್ಲಿಗೆ ಹೋಗಲು ಸಂಕೋಚವಾದರೆ 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಇದೆ. 14416ಕ್ಕೆ ಫೋನ್ ಮಾಡಿದರೆ ಹಗಲು ರಾತ್ರಿ ಎನ್ನದೆ ಕನ್ನಡದಲ್ಲೇ ಮಾತನಾಡಬಹುದು. ಖರ್ಚಿಲ್ಲ. ಈ ಎರಡು ಸಂಖ್ಯೆಗಳನ್ನು ನಿಮ್ಮ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಟ್ಟುಕೊಳ್ಳಿ. ನಿಮಗೆ ಬೇಡವಾಗಬಹುದು. ಪಕ್ಕದ ಬೆಂಚಿನವರಿಗೆ ಬೇಕಾದೀತು.

ಮುರಿದ ಮೂಳೆ ಎಕ್ಸ್-ರೇಯಲ್ಲಿ ಕಾಣುತ್ತದೆ. ಪ್ಲಾಸ್ಟರ್ ಹಾಕಿಕೊಂಡು ಬಂದ ಗೆಳೆಯನ ಚೀಲವನ್ನು ಹೊತ್ತುಕೊಳ್ಳಲು ತರಗತಿಯಲ್ಲಿ ಹತ್ತು ಕೈ ಮುಂದೆ ಬರುತ್ತವೆ. ಈ ಬೇನೆಗೆ ಪ್ಲಾಸ್ಟರ್ ಇಲ್ಲ, ಯಾರ ಕಣ್ಣಿಗೂ ಬೀಳುವುದಿಲ್ಲ. ನಾಳೆ ತರಗತಿಗೆ ಹೋದಾಗ ಸುಮ್ಮನಾಗಿಬಿಟ್ಟ ಒಬ್ಬರು, ಕಾರಣವಿಲ್ಲದೆ ರೇಗುವ ಒಬ್ಬರು, ಪ್ರವಾಸಕ್ಕೆ ಬರುವುದಿಲ್ಲವೆಂದು ಹಟ ಹಿಡಿದ ಒಬ್ಬರು ಇದ್ದರೆ, ತೀರ್ಪು ಕೊಡುವ ಮೊದಲು ಅವರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿ.